ಈ ಕ್ಯೂಆರ್‌ಗೆ ಎಷ್ಟು ದುಡ್ಡು?

ಮೇಳ, ಜಾತ್ರೆ, ಎಕ್ಸಿಬಿಷನ್ ಅಂತ ಸ್ಟಾಲ್ ಹಾಕುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಇದನ್ನು ಬರೆಯುತ್ತಿದ್ದೇನೆ. ನಮ್ಮ ಊರಿನಲ್ಲಿ ಕ್ಯೂಆರ್ ಕೋಡ್ ಹಾಕಿ ಕೆಳಗೆ ಬರೀ ‘ಸ್ಕ್ಯಾನ್ ಮಾಡಿ’ ಅಂತ ಬರೆದರೆ ಜನ ಮೊದಲು ಯೋಚಿಸುವುದು ದುಡ್ಡಿನ ಬಗ್ಗೆ. ತಪ್ಪು ಅವರದ್ದಲ್ಲ. ಬೆಳಿಗ್ಗೆ ದಕ್ಕೆಯಲ್ಲಿ ಮೀನು, ಆಮೇಲೆ ಕಂಕನಾಡಿ ಮಾರ್ಕೆಟಿನಲ್ಲಿ ತರಕಾರಿ, ಸಂಜೆ ಗೋಳಿಬಜೆ, ಎಲ್ಲದಕ್ಕೂ ಅದೇ ಕಪ್ಪು ಬಿಳುಪು ಚೌಕ ತೋರಿಸಿ ದುಡ್ಡು ತೆಗೆದುಕೊಳ್ಳುತ್ತಾರೆ ಅಲ್ವಾ?

ನಾನು ಮಂಗಳೂರಿನಲ್ಲಿ ಬೀಜ, ಗಿಡ, ಗೊಬ್ಬರ ಮಾರುವ ಒಂದು ಕಂಪನಿಯ ಡಿಜಿಟಲ್ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಕಂಪನಿ ನಡೆಸುವ ಒಂದು ವಾಟ್ಸಾಪ್ ಗ್ರೂಪ್ ಇದೆ, ಕೈತೋಟ ಮಾಡುವವರದ್ದು. ಟೆರೇಸಿನಲ್ಲಿ ಬಸಳೆ ಹಬ್ಬಿಸಿದವರು, ಅಂಗಳದಲ್ಲಿ ಹರಿವೆ ಹಾಕಿದವರು, ಮಟ್ಟುಗುಳ್ಳ ಬದನೆಯ ಬೀಜ ಎಲ್ಲಿ ಸಿಗುತ್ತದೆ ಅಂತ ಹುಡುಕುವವರು, ಹೀಗೆ ಎಲ್ಲ ಥರದವರೂ ಇದ್ದಾರೆ. ಒಬ್ಬರ ಅಲಸಂಡೆಗೆ ಹೇನು ಬಿದ್ದರೆ ಫೋಟೋ ಹಾಕುತ್ತಾರೆ, ಕಾರ್ಕಳದಿಂದಲೋ ಕಾಪುವಿನಿಂದಲೋ ಉತ್ತರ ಬರುತ್ತದೆ. ಅಂಥ ಗ್ರೂಪಿಗೆ ಇನ್ನೂ ನಾಲ್ಕು ಜನ ಬರಲಿ ಅನ್ನುವುದು ನನಗೆ ಬರೀ ಟಾರ್ಗೆಟ್ ಅಲ್ಲ. ನನಗೆ ಆ ಗ್ರೂಪ್ ನಿಜವಾಗಿ ಇಷ್ಟ.

ಜನವರಿಯಲ್ಲಿ ಕದ್ರಿ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ನಮ್ಮದೂ ಒಂದು ಸ್ಟಾಲ್ ಇತ್ತು. ಸ್ಟಾಲ್ ಮುಂದೆ ನಿಲ್ಲಿಸುವ ಬೋರ್ಡ್, ಅಂದರೆ ಸ್ಟ್ಯಾಂಡಿಯ ಡಿಸೈನ್ ಬ್ರ್ಯಾಂಡಿಂಗ್‌ನವರ ಕೈಯಲ್ಲಿ ಪಾಸಾಗಿ ಬಂದದ್ದು. ಮೇಲೆ ದೊಡ್ಡ ಲೋಗೋ, ನಡುವೆ ನಗುವ ಕುಟುಂಬದ ರೆಡಿಮೇಡ್ ಫೋಟೋ, ಅಡಿಯಲ್ಲಿ ಕ್ಯೂಆರ್. ಕೋಡ್ ಕಪ್ಪಿನಲ್ಲಿ ಇರಲಿ ಅಂತ ನಾನು ಮೇಲ್ ಹಾಕಿದ್ದೆ. ಕಪ್ಪು ನಮ್ಮ ಬ್ರ್ಯಾಂಡ್ ಬಣ್ಣ ಅಲ್ಲ ಅಂತ ಉತ್ತರ ಬಂತು. ಕೊನೆಗೆ ಎಲೆಹಸಿರಿನ ಮೇಲೆ ಬಿಳಿ ಕೋಡ್ ಪ್ರಿಂಟಾಯಿತು. ಅದೂ ಮೊಣಕಾಲಿನ ಎತ್ತರದಲ್ಲಿ, ಬಗ್ಗಿದರೆ ಮಾತ್ರ ಸಿಗುವ ಹಾಗೆ.

ಭಾನುವಾರ ಸಂಜೆ ಪಾರ್ಕ್ ತುಂಬಿ ಹೋಗಿತ್ತು. ಅರವತ್ತರ ಆಸುಪಾಸಿನ ಒಬ್ಬರು ಸ್ಟ್ಯಾಂಡಿ ಮುಂದೆ ನಿಂತರು, ಬಗ್ಗಿ ಫೋನ್ ಹಿಡಿದರು. ತೆರೆದಿದ್ದು ಪೇಮೆಂಟ್ ಆ್ಯಪ್. ಎರರ್ ಬಂತು. ಮತ್ತೆ ಹಿಡಿದರು, ಮತ್ತೆ ಎರರ್. ಸೊಂಟ ನೇರ ಮಾಡಿಕೊಂಡು ನನ್ನ ಕಡೆ ತಿರುಗಿ, “ಎಂತ ಮಾರಾಯ್ರೆ, ಇದಕ್ಕೆ ಸಾ ದುಡ್ಡು ಕೊಡ್ಬೇಕಾ? ಯಾರ ಅಕೌಂಟಿಗೆ ಹೋಗುದು ಇದು?” ಅಂದರು. ಸ್ವರ ದೊಡ್ಡದಿತ್ತು. ಹಿಂದೆ ನಿಂತಿದ್ದ ಒಬ್ಬ ಹೆಂಗಸು ಕೈಯಲ್ಲಿದ್ದ ಫೋನನ್ನು ಮೆಲ್ಲ ಬ್ಯಾಗಿಗೆ ಹಾಕಿಕೊಂಡರು. ಇನ್ನೊಬ್ಬರು ಪಕ್ಕದವರ ಹತ್ತಿರ, “ಸ್ಕ್ಯಾನ್ ಮಾಡ್ಬೇಡಿ, ಹೀಗೇ ದುಡ್ಡು ಹೋಗುದು” ಅಂದದ್ದು ನನಗೇ ಕೇಳಿಸಿತು.

ನಾನು ವಿವರಿಸಲು ಶುರು ಮಾಡಿದೆ. ಇದು ಲಿಂಕ್ ಸರ್, ಪೇಮೆಂಟ್ ಕೋಡ್ ಅಲ್ಲ, ಕ್ಯಾಮೆರಾ ಓಪನ್ ಮಾಡಿದರೆ ಸಾಕು, ಹೀಗೆಲ್ಲ. ಅವರು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ, ಸುತ್ತ ನಿಂತವರೂ ಇರಲಿಲ್ಲ. ನಾನು ಜಾಸ್ತಿ ಹೇಳಿದಷ್ಟೂ ಅವರ ಅನುಮಾನ ಜಾಸ್ತಿ ಆಗುವುದು ಕಾಣುತ್ತಿತ್ತು. ಅಷ್ಟರಲ್ಲಿ ಆಫೀಸಿನಿಂದ ಫೋನ್, “ಎಷ್ಟು ಜಾಯಿನಿಂಗ್ ಆಯ್ತು?”

ಆ ಹೊತ್ತು ಉಳಿಸಿದ್ದು ನಮ್ಮ ನರ್ಸರಿಯ ಅಕ್ಕ. ಗಿಡಗಳ ಲೆಕ್ಕ, ನೀರು, ಮಣ್ಣು ಎಲ್ಲ ಅವರದ್ದೇ. ಪಾಟಿನಲ್ಲಿದ್ದ ಬಸಳೆಯಿಂದ ಒಂದು ಎಲೆ ಕಿತ್ತು ತಂದು ಆ ಹಿರಿಯರ ಮುಂದೆ ಹಿಡಿದರು. ಎಲೆಯ ಮೇಲೆ ದುಂಡು ದುಂಡು ಚುಕ್ಕೆ, ಅಂಚು ನೇರಳೆ ಕೆಂಪು, ನಡುವೆ ಬಿಳಿಚಿದ ಬೂದಿ ಬಣ್ಣ, ಒಂದೆರಡು ಕಡೆ ಒಣಗಿ ತೂತು ಬಿದ್ದಿತ್ತು. “ನಿಮ್ಮಲ್ಲಿ ಬಸಳೆ ಉಂಟಾ ಸರ್? ಹೀಗೆ ಆಗ್ತದಾ?” ಅಂತ ಕೇಳಿದರು. ಅವರ ಮುಖವೇ ಬದಲಾಯಿತು. “ಉಂಟು, ಉಂಟು. ಮಳೆಗಾಲದಲ್ಲಿ ಪೂರ್ತಿ ಹೀಗೇ ಆಗ್ತದೆ, ಸಾಂಬಾರಿಗೆ ಎಲೆಯೇ ಸಿಗುದಿಲ್ಲ” ಅಂದರು. ಅಕ್ಕ ತಮ್ಮ ಫೋನ್ ತೆಗೆದು ಗ್ರೂಪಿನಲ್ಲಿ ಹಿಂದೆ ಯಾರೋ ಹಾಕಿದ್ದ ಅಂಥದ್ದೇ ಎಲೆಯ ಫೋಟೋ ತೋರಿಸಿದರು. ಅದರ ಕೆಳಗೆ ಬಂದ ಉತ್ತರಗಳನ್ನು ಒಂದೊಂದೇ ಓದಿ ಹೇಳಿದರು. ಚುಕ್ಕೆ ಬಿದ್ದ ಎಲೆ ಕಿತ್ತು ದೂರ ಹಾಕಿ, ಎಲೆಗೆ ನೀರು ಹೊಯ್ಯಬೇಡಿ ಬುಡಕ್ಕೆ ಹೊಯ್ಯಿರಿ, ಬಳ್ಳಿ ದಟ್ಟ ಆಗದ ಹಾಗೆ ಚಪ್ಪರಕ್ಕೆ ಬಿಡಿ. “ಈ ಕೋಡ್ ಅದಕ್ಕೇ ಸರ್, ದುಡ್ಡಿಗೆ ಅಲ್ಲ.” ಅವರು ತಾವೇ ಕ್ಯಾಮೆರಾ ತೆರೆದರು. ಹಸಿರಿನ ಮೇಲಿನ ಬಿಳಿ ಕೋಡನ್ನು ಅವರ ಹಳೆಯ ಫೋನ್ ಓದಲೇ ಇಲ್ಲ! ಕೊನೆಗೆ ನನ್ನ ಫೋನಿನಲ್ಲಿದ್ದ ಕಪ್ಪು ಕೋಡ್ ತೋರಿಸಿ ಸೇರಿಸಿದೆ.

ಆಮೇಲೆ ಗಿಡ ತಂದ ರಟ್ಟಿನ ಪೆಟ್ಟಿಗೆ ಹರಿದು ಮಾರ್ಕರಿನಲ್ಲಿ ಬರೆದೆವು: ‘ದುಡ್ಡು ಕೊಡಲಿಕ್ಕೆ ಇಲ್ಲ. ಬಸಳೆ, ಬೆಂಡೆ, ಹೀರೆಗೆ ರೋಗ ಬಂದರೆ ಕೇಳುವ ಗ್ರೂಪ್. ಫೋನಿನ ಕ್ಯಾಮೆರಾ ಹಿಡಿಯಿರಿ.’ ಅದನ್ನು ಎದೆಯ ಎತ್ತರಕ್ಕೆ ಕಟ್ಟಿ, ಪಕ್ಕದಲ್ಲಿ ಹತ್ತಿರದ ಜೆರಾಕ್ಸ್ ಅಂಗಡಿಯಿಂದ ತಂದ ಕಪ್ಪು ಬಿಳುಪು ಪ್ರಿಂಟ್ ಅಂಟಿಸಿದೆವು. ಚುಕ್ಕೆಯ ಎಲೆಯನ್ನೂ ಟೇಪ್ ಹಾಕಿ ಅಲ್ಲೇ ಅಂಟಿಸಿದರು ಅಕ್ಕ. ಜನ ಮೊದಲು ಎಲೆ ನೋಡಿದರು, ಆಮೇಲೆ ಓದಿದರು, ಆಮೇಲೆ ಫೋನ್ ತೆಗೆದರು. ಅಷ್ಟು ಖರ್ಚು ಮಾಡಿದ ಸ್ಟ್ಯಾಂಡಿ ಪಕ್ಕದಲ್ಲೇ ಇತ್ತು, ಅದರ ಕಡೆ ಯಾರೂ ತಿರುಗಲಿಲ್ಲ.

ಪೇಮೆಂಟ್ ಆ್ಯಪ್ ಯಾಕೆ ಎರರ್ ಕೊಡುತ್ತದೆ ಅಂತ ತಿಳಿದಿರಲಿ. ಕ್ಯೂಆರ್ ಒಳಗೆ ಇರುವುದು ಬರೀ ಅಕ್ಷರ. ಅಂಗಡಿಯ ಕೋಡಿನಲ್ಲಿ ಅದು ‘ಯುಪಿಐ’ ಅಂತ ಶುರುವಾಗುವ ಒಂದು ವಿಳಾಸ, ಪೇಮೆಂಟ್ ಆ್ಯಪ್ ಹುಡುಕುವುದು ಅದನ್ನೇ. ನಮ್ಮದು ಸಾಮಾನ್ಯ ವೆಬ್ ಲಿಂಕ್, ಪೇಮೆಂಟ್ ಆ್ಯಪಿಗೆ ಅದು ಬೇಡ. ಜಪಾನಿನ ಡೆನ್ಸೊ ವೇವ್ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ತಂಡ 1994ರಲ್ಲಿ ಈ ಕೋಡ್ ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ನಮ್ಮ ಕಡೆ ಅದು ಮನೆಮನೆಗೆ ಗೊತ್ತಾಗಿದ್ದು 2016ರಲ್ಲಿ ಯುಪಿಐ ಬಂದ ಮೇಲೆ. ಹಾಗಾಗಿ ಕೋಡ್ ಕಂಡ ಕೂಡಲೇ ಕೈ ಪೇಮೆಂಟ್ ಆ್ಯಪಿಗೆ ಹೋಗುತ್ತದೆ. ಅನುಮಾನ ಪಡುವವರನ್ನು ಬೈಯಬಾರದು. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವ, ಪಿನ್ ಹಾಕುವ ಅಗತ್ಯವೇ ಇಲ್ಲ ಅಂತ ಬ್ಯಾಂಕಿನವರು ಹೇಳುತ್ತಲೇ ಇದ್ದಾರೆ. ಮೋಸ ಆದರೆ 1930ಕ್ಕೆ ಫೋನ್ ಮಾಡಿ ಅಂತಲೂ ಹೇಳುತ್ತಾರೆ. ಅದನ್ನು ಕೇಳಿ ಜಾಗ್ರತೆ ಮಾಡುವವರು ಸರಿಯಾಗಿಯೇ ಇದ್ದಾರೆ. ಭರವಸೆ ಕೊಡಬೇಕಾದ್ದು ನಾವು, ಕೋಡಿನ ಪಕ್ಕದಲ್ಲೇ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

ಪ್ರಿಂಟಿನ ವಿಷಯಕ್ಕೆ ಬಂದರೆ, ನಮ್ಮ ಬ್ರ್ಯಾಂಡಿಂಗ್‌ನವರು ಕೋಡಿನ ನಡುವೆ ಲೋಗೋ ಹಾಕಿದ್ದು ತೊಂದರೆ ಮಾಡಲಿಲ್ಲ. ಕೋಡ್ ಮಾಡುವಾಗ ತಪ್ಪು ಸರಿಪಡಿಸಿಕೊಳ್ಳುವ (ಎರರ್ ಕರೆಕ್ಷನ್) ಮಟ್ಟವನ್ನು ‘ಎಚ್’ ಅಂತ ಇಟ್ಟರೆ ಸುಮಾರು 30 ಶೇಕಡಾ ಹಾಳಾದರೂ ಓದಲಿಕ್ಕೆ ಆಗುತ್ತದೆ, ಚಿಕ್ಕ ಲೋಗೋ ಅದರೊಳಗೆ ಮುಗಿಯುತ್ತದೆ. ತೊಂದರೆ ಬಣ್ಣದ್ದು. ತಿಳಿ ಬಣ್ಣದ ಮೇಲೆ ಗಾಢ ಕೋಡ್ ಇರಬೇಕು, ಬಣ್ಣ ಅದಲುಬದಲು ಮಾಡಿದರೆ ಕೆಲವು ಫೋನ್‌ಗಳಿಗೆ ಕಾಣುವುದೇ ಇಲ್ಲ. ಸುತ್ತ, ಕೋಡಿನೊಳಗಿನ ಸಣ್ಣ ಚೌಕಗಳ ಲೆಕ್ಕದಲ್ಲಿ ನಾಲ್ಕು ಚೌಕದಷ್ಟು ಖಾಲಿ ಅಂಚು ಬೇಕು, ಜಾಗ ವೇಸ್ಟ್ ಅಂತ ಪ್ರಿಂಟಿಂಗ್‌ನ ಹುಡುಗರು ಅದನ್ನು ಕತ್ತರಿಸಿಬಿಡುತ್ತಾರೆ, ಮೊದಲೇ ಹೇಳಿ. ಜನ ಒಂದೂವರೆ ಮೀಟರ್ ದೂರ ನಿಲ್ಲುವುದಾದರೆ ಕೋಡ್ 15 ಸೆಂಟಿಮೀಟರ್ ಆದರೂ ಇರಲಿ, ದೂರದ ಹತ್ತನೇ ಒಂದು ಭಾಗ ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ಬಳಸುವ ಲೆಕ್ಕ. ಗ್ಲಾಸಿ ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟ್ ಬಿದ್ದರೆ ಕೋಡ್ ಮಾಯ.

ಬಟ್ಟೆ ಬ್ಯಾನರ್ ಮಾಡಿಸುವವರಿಗೆ ಇನ್ನೊಂದು ಮಾತು. ಪ್ಲಾಸ್ಟಿಕ್ ಫ್ಲೆಕ್ಸನ್ನು ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಮಾಡಿದ್ದಾರೆ, ಬಟ್ಟೆಗೆ ಹೋಗುವುದೇ ಸರಿ. ಆದರೆ ಬಟ್ಟೆಯಲ್ಲಿ ಶಾಯಿ ಸ್ವಲ್ಪ ಹರಡುತ್ತದೆ, ಸಣ್ಣ ಚೌಕಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಲಿಂಕ್ ಉದ್ದ ಇದ್ದಷ್ಟೂ ಚೌಕ ಜಾಸ್ತಿ. ಅತಿ ಚಿಕ್ಕ ಕೋಡಿನಲ್ಲಿ ಒಂದು ಸಾಲಿಗೆ 21 ಚೌಕ, ಅತಿ ದೊಡ್ಡದರಲ್ಲಿ 177. ಲಿಂಕ್ ಚಿಕ್ಕದು ಮಾಡಿ, ಚೌಕ ದಪ್ಪ ಬರುತ್ತದೆ, ಬಟ್ಟೆ ಮೇಲೂ ಉಳಿಯುತ್ತದೆ.

ವಾಟ್ಸಾಪ್ ಗ್ರೂಪಿನ ಲಿಂಕನ್ನು ನೇರವಾಗಿ ಕೋಡ್ ಮಾಡಬೇಡಿ. ಸ್ಪ್ಯಾಮ್ ನುಗ್ಗಿತು ಅಂತ ಅಡ್ಮಿನ್ ಒಮ್ಮೆ ಲಿಂಕ್ ರಿಸೆಟ್ ಮಾಡಿದರೆ ಪ್ರಿಂಟ್ ಮಾಡಿದ್ದೆಲ್ಲ ದಂಡ. ಒಂದು ಗ್ರೂಪಿಗೆ 1024 ಜನರ ಮಿತಿ ಬೇರೆ. ಉಚಿತ ಜನರೇಟರ್‌ಗಳಲ್ಲಿ ಕೆಲವು ಟ್ರಯಲ್ ಮುಗಿದ ಕೂಡಲೇ ಕೋಡನ್ನೇ ನಿಲ್ಲಿಸಿ ದುಡ್ಡು ಕೇಳುತ್ತವೆ. ಕಂಪನಿಯ ಸ್ವಂತ ವಿಳಾಸದಲ್ಲಿ ಒಂದು ಚಿಕ್ಕ ಪುಟ ಇಟ್ಟು, ಅಲ್ಲಿಂದ ಗ್ರೂಪಿಗೆ ಕಳಿಸಿದರೆ ಒಳಗಿನ ಲಿಂಕ್ ಬೇಕಾದಾಗ ಬದಲಿಸಬಹುದು. ಇದನ್ನು ಐಟಿಯವರಿಂದ ಮಾಡಿಸಿಕೊಳ್ಳಲು ಬಹಳ ಮೇಲ್ ಹಾಕಬೇಕಾಯಿತು. ಕೆಲಸ ಮಾತ್ರ ಅರ್ಧ ಗಂಟೆಯದ್ದು.

ಫೋನನ್ನು ಬ್ಯಾಗಿಗೆ ಹಾಕಿಕೊಂಡಿದ್ದ ಹೆಂಗಸು ಆಮೇಲೆ ತಾವಾಗಿ ಬಂದು ಕೇಳಿದ್ದು ಬೇರೆಯೇ ಪ್ರಶ್ನೆ: “ನನ್ನ ನಂಬರ್ ಎಲ್ಲರಿಗೂ ಕಾಣ್ತದಾ?” ಕಾಣುತ್ತದೆ ಅಂತ ನಿಜ ಹೇಳಿದೆ, ಅವರು ಸೇರಲಿಲ್ಲ. ಸುಮ್ನೆ ‘ಇಲ್ಲ’ ಅಂದಿದ್ದರೆ ನಾವು ಮೋಸಗಾರರೇ ಆಗುತ್ತಿದ್ದೆವು. ಈಗ ಗ್ರೂಪನ್ನು ವಾಟ್ಸಾಪ್ ಕಮ್ಯುನಿಟಿ ಮಾಡಿದ್ದೇವೆ, ಅಂದರೆ ಅಡ್ಮಿನ್ ಸೂಚನೆ ಹಾಕುವ ಅನೌನ್ಸ್‌ಮೆಂಟ್ ಭಾಗ ಬೇರೆ, ಚರ್ಚೆಯ ಗ್ರೂಪ್ ಬೇರೆ. ಅನೌನ್ಸ್‌ಮೆಂಟ್ ಭಾಗದಲ್ಲಿ ಮಾತ್ರ ಇರುವವರ ನಂಬರ್ ಬೇರೆ ಸದಸ್ಯರಿಗೆ ಕಾಣುವುದಿಲ್ಲ, ಅಡ್ಮಿನ್‌ಗೆ ಮತ್ತು ಮೊದಲೇ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಕಾಣುತ್ತದೆ. ಚರ್ಚೆಯ ಗ್ರೂಪಿಗೆ ಬರುವುದು ಬಿಡುವುದು ಅವರ ಇಷ್ಟ. ಪೋಸ್ಟರಿನಲ್ಲಿ ಅದನ್ನೂ ಒಂದು ಸಾಲಿನಲ್ಲಿ ಬರೆದಿದ್ದೇವೆ.

ಹೊಸ ಪೋಸ್ಟರಿನಲ್ಲಿ ನಗುವ ಕುಟುಂಬ ಇಲ್ಲ. ಅಕ್ಕನ ಹಿತ್ತಲಿನಲ್ಲಿ ಬೆಳಗಿನ ಬೆಳಕಿನಲ್ಲಿ ಫೋನಿನಿಂದಲೇ ತೆಗೆದ ಬಸಳೆ ಎಲೆ ಇದೆ, ‘ನಿಮ್ಮ ಬಸಳೆಗೂ ಹೀಗೆ ಆಗಿದೆಯಾ?’ ಅನ್ನುವ ಪ್ರಶ್ನೆ ಇದೆ, ಕಪ್ಪು ಕೋಡ್ ಇದೆ. ಬ್ರ್ಯಾಂಡಿಂಗ್‌ನವರು ರೋಗದ ಎಲೆ ಹಾಕಿದರೆ ಕಂಪನಿಗೆ ಕೆಟ್ಟ ಹೆಸರು ಅಂದರು. ಆ ಸಂಜೆ ರಟ್ಟಿನ ಮುಂದೆ ನಿಂತ ಜನರ ಫೋಟೋ ತೋರಿಸಿದ ಮೇಲೆ ಒಪ್ಪಿದರು. ರಿವ್ಯೂದಲ್ಲಿ ಈಗಲೂ ಎಷ್ಟು ಸ್ಕ್ಯಾನ್ ಅಂತಲೇ ಕೇಳುತ್ತಾರೆ. ಸೇರಿದವರಲ್ಲಿ ಎಷ್ಟು ಜನ ಪ್ರಶ್ನೆ ಕೇಳಿದರು, ಎಷ್ಟು ಜನರಿಗೆ ಉತ್ತರ ಸಿಕ್ಕಿತು ಅಂತ ಶೀಟಿನಲ್ಲಿ ನಾನು ಎರಡು ಕಾಲಂ ಸೇರಿಸಿದ್ದೇನೆ, ಮುಂದಿನ ಮೀಟಿಂಗಿನಲ್ಲಿ ಅದನ್ನೇ ಮೊದಲು ಓದುತ್ತೇನೆ.