ಸೌತ್‌ಡೇಲ್ ಮತ್ತು ಡೇಟನ್ಸ್

ಅಮೆರಿಕದ ಮಿನಿಯಾಪೊಲಿಸ್ ಬಳಿಯ ಈಡೈನಾ ಎಂಬ ಉಪನಗರದಲ್ಲಿರುವ ಸೌತ್‌ಡೇಲ್ ಸೆಂಟರ್‌ನ ಇತಿಹಾಸ ಇಂದು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. 1956ರ ಅಕ್ಟೋಬರ್‌ನಲ್ಲಿ ತೆರೆದ ಇದು, ಇಡಿಯಾಗಿ ಒಂದೇ ಸೂರಿನಡಿ ಹವಾನಿಯಂತ್ರಣದೊಂದಿಗೆ ಕಟ್ಟಿದ ಮೊದಲ ಆಧುನಿಕ ಮಾಲ್ ಎಂದು ಹೆಸರಾಗಿದೆ. ಕಟ್ಟಿಸಿದವರು ಡೇಟನ್ಸ್ ಡಿಪಾರ್ಟ್‌ಮೆಂಟ್ ಸ್ಟೋರಿನ ಮಾಲೀಕರು. ತಮ್ಮ ಹಳೆಯ ಪ್ರತಿಸ್ಪರ್ಧಿ ಡೊನಾಲ್ಡ್‌ಸನ್ಸ್‌ಗೂ ಅಲ್ಲಿಯೇ ಜಾಗ ಕೊಟ್ಟದ್ದು ಆ ಕಾಲಕ್ಕೆ ದೊಡ್ಡ ಧೈರ್ಯವೇ ಸರಿ.

1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾ ತೊರೆದಿದ್ದ, ಈ ಮಾಲ್‌ನ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯನ್, ಹೊರಗೆ ಹಿಮ ಸುರಿಯುತ್ತಿದ್ದರೂ ಜನ ನೆಮ್ಮದಿಯಾಗಿ ಕುಳಿತು ಮಾತಾಡಲೆಂದು ನಡುವೆ ಉದ್ಯಾನವೊಂದನ್ನು ರೂಪಿಸಿದರು: ಗಿಡಮರಗಳು, ಎತ್ತರದ ಹಕ್ಕಿಪಂಜರ, ಶಿಲ್ಪಿ ಹ್ಯಾರಿ ಬರ್ಟೋಯಾ ಲೋಹದಲ್ಲಿ ರಚಿಸಿದ ಹೊಂಬಣ್ಣದ ಮರಗಳು. ಸುತ್ತ ಮನೆ, ಶಾಲೆಗಳಿರುವ ಊರೇ ಬೆಳೆಯಬೇಕೆಂಬ ಅವರ ಕನಸು ಅವರು ಬಯಸಿದಂತೆ ಕೈಗೂಡಲಿಲ್ಲ. ಕೊನೆಗಾಲದಲ್ಲಿ ಅವರು ಮಾಲ್‌ಗಳ ಪಿತೃತ್ವವನ್ನೇ ನಿರಾಕರಿಸಿದರೆಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಡೊನಾಲ್ಡ್‌ಸನ್ಸ್ 1987ರಲ್ಲಿ ಮಾರಾಟವಾಯಿತು. ಡೇಟನ್ಸ್ ಮಳಿಗೆಗಳ ಹೆಸರು 2001ರಲ್ಲಿ ಮಾರ್ಷಲ್ ಫೀಲ್ಡ್ಸ್ ಎಂದೂ 2006ರಲ್ಲಿ ಮೇಸೀಸ್ ಎಂದೂ ಬದಲಾಯಿತು. ಆದರೆ ಅದೇ ಡೇಟನ್ ಸಂಸ್ಥೆ 1962ರಲ್ಲಿ ಆರಂಭಿಸಿದ ಕಡಿಮೆ ದರದ ಟಾರ್ಗೆಟ್ ಮಳಿಗೆ ಅಮೆರಿಕದುದ್ದಕ್ಕೂ ಹಬ್ಬಿದೆ, ಅದರ ದೊಡ್ಡ ಕಚೇರಿಯೊಂದು ನಮ್ಮ ಬೆಂಗಳೂರಿನಲ್ಲಿದೆ.