ಮೊಬೈಲ್ ಬಿಡಿಸೂದು ಹ್ಯಾಂಗ್ರೀ ಟೀಚರ್?

ಆರಾಧನೆ ಮುಗಿದು ಚರ್ಚಿನ ಅಂಗಳಕ್ಕೆ ಇಳಿದರೆ ಸಾಕು, ಯಾರಾದರೊಬ್ಬರು ನನ್ನ ಕೈ ಹಿಡಿದು ಬೇವಿನ ಮರದ ಕಡೆಗೆ ಕರೆದುಕೊಂಡು ಹೋಗುತ್ತಾರೆ. ದನಿ ತಗ್ಗುತ್ತದೆ. "ಟೀಚರ್, ಈ ಹುಡುಗನ ಕೈಯಾಗಿನ ಮೊಬೈಲ್ ಬಿಡಿಸೂದು ಹ್ಯಾಂಗ್ರೀ? ನೀವರ ಒಂದ್ ಮಾತು ಹೇಳ್ರಿ." ಧಾರವಾಡದ ಕಡೆ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನವರು ಕಟ್ಟಿದ ಹಳೆಯ ಕ್ರೈಸ್ತ ಸಭೆಯೊಂದರಲ್ಲಿ ಹನ್ನೊಂದು ವರ್ಷದಿಂದ ದೃಢೀಕರಣದ ಕ್ಲಾಸು, ಅಂದರೆ ಮಕ್ಕಳನ್ನು ಸಭೆಯ ಪೂರ್ಣ ಸದಸ್ಯರಾಗಲು ತಯಾರು ಮಾಡುವ ಪಾಠ, ನಡೆಸುತ್ತಿದ್ದೇನೆ. ವರ್ಷಕ್ಕೆ ಹತ್ತೋ ಹನ್ನೆರಡೋ ಮಕ್ಕಳು, ಒಂಬತ್ತನೇ ಹತ್ತನೇ ಇಯತ್ತೆಯವರು. ನಿಂತಲ್ಲೇ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಬರೆದಿಡುತ್ತೇನೆ. ಇನ್ನು ಮೇಲೆ ಕೇಳಿದವರು ಇದನ್ನೇ ಓದಲಿ.

ಮೊದಲು ಆ ‘ಬಿಡಿಸೂದು’ ಎಂಬ ಮಾತಿಗೇ ನನ್ನ ತಕರಾರು. ಕುಡಿತ ಬಿಡಿಸುತ್ತಾರೆ, ದೆವ್ವ ಬಿಡಿಸುತ್ತಾರೆ. ಹಾಗೆ ಕೇಳಿದ ಕೂಡಲೇ ಮಗು ರೋಗಿಯಾಯಿತು, ನಾನು ವೈದ್ಯಳಾದೆ, ಕೇಳಿದವರು ಬಾಗಿಲ ಹೊರಗೆ ಕಾಯುವ ನೆಂಟರಾದರು. ಇನ್ನು ಕೆಲವರು ಸತ್ಯವೇದ ಹಿಡಿದೇ ಬರುತ್ತಾರೆ: "ಲೋಕದಿಂದ ಮಕ್ಕಳನ್ನ ಕಾಪಾಡಬೇಕಲ್ರೀ." ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲ ಇಹಲೋಕದ ನಡವಳಿಕೆಯನ್ನು ಅನುಸರಿಸಬೇಡಿ ಅಂದದ್ದು ನಿಜ. ಆದರೆ ಆ ಪತ್ರ ಹೋದದ್ದು ಇಡೀ ಸಭೆಗೆ. ಅದರ ಲಕೋಟೆಯ ಮೇಲೆ ‘ಹದಿನೈದು ವರ್ಷದವರಿಗೆ ಮಾತ್ರ’ ಅಂತ ಬರೆದಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಒಂದು ಕ್ರಿಸ್ಮಸ್ ಬೆಳಿಗ್ಗೆ. ಲೂಕನ ಸುವಾರ್ತೆಯ 2ನೇ ಅಧ್ಯಾಯ ಓದಬೇಕಿದ್ದ ಹುಡುಗಿ ಕಾಣಿಸಲಿಲ್ಲ. ಆರಾಧನೆಯ ಎರಡನೇ ಗಂಟೆ ಬಾರಿಸಿಯಾಗಿತ್ತು. ಹುಡುಕಿಕೊಂಡು ಹೋದರೆ ಸಂಡೆ ಸ್ಕೂಲಿನ ಕೋಣೆಯಲ್ಲಿ, ಪೇರಿಸಿಟ್ಟ ಕುರ್ಚಿಗಳ ಹಿಂದೆ, ನೆಲದ ಮೇಲೆ ಕೂತಿದ್ದಳು. ತಿಳಿಗುಲಾಬಿ ಫ್ರಾಕು, ಕತ್ತಿನ ಸುತ್ತ ಬಿಳಿ ಮಣಿ. ಚಂದ ಕಾಣುತ್ತಿದ್ದಳು. ಏನಾಯಿತೇ ಅಂದರೆ ಬಹಳ ಹೊತ್ತು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದಳು: "ಟೀಚರ್, ಈ ಫ್ರಾಕ್ ಆಗ್ಲೇ ಫೋಟೋದಾಗ ಹೋಗೇತ್ರಿ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಕ್ಯಾರಲ್ಸ್ ರಾತ್ರಿ ಅದೇ ಫ್ರಾಕು ಹಾಕಿಕೊಂಡು ತೆಗೆಸಿಕೊಂಡ ಫೋಟೋ ಇನ್‌ಸ್ಟಾಗ್ರಾಮಿಗೆ ಹೋಗಿತ್ತು. ಬೆಂಗಳೂರಿನ ಚಿಕ್ಕಪ್ಪನ ಮಗಳು ಅದರ ಕೆಳಗೆ ‘ಕ್ರಿಸ್ಮಸ್‌ಗೂ ಇದೇನಾ?’ ಅಂತ ಬರೆದಿದ್ದಳು. ಎರಡೇ ಪದ. ಇವಳಿಗೆ ಆಗ ಹದಿನಾಲ್ಕು.

ನಾನೇನು ಮಾಡಿದೆ? ದೇವರು ಹೃದಯ ನೋಡುತ್ತಾನಮ್ಮ, ಬಟ್ಟೆ ನೋಡುವುದಿಲ್ಲ ಅಂದೆ. ಅವಳ ಅಳು ಇನ್ನೂ ಜೋರಾಯಿತು. ಆ ಮಾತು ಸತ್ಯ, ಆದರೆ ಆ ಗಳಿಗೆಯಲ್ಲಿ ಅದನ್ನು ಹೇಳಿದ್ದಕ್ಕೆ ಇಂದಿಗೂ ನನಗೆ ಬೇಸರವಿದೆ. ದೇವರು ನೋಡುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು. ನೋಡುವವರು ನಾವು. ಕೊನೆಗೆ ಪಾಠವನ್ನು ನಾನೇ ಓದಿದೆ. ‘ಬಟ್ಟೆಯಿಂದ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು’ ಎಂಬ ಸಾಲಿಗೆ ಬಂದಾಗ ನನ್ನ ಗಂಟಲು ಕಟ್ಟಿತು.

ಆರಾಧನೆ ಮುಗಿದ ಮೇಲೆ ಅವಳ ತಾಯಿ ಹೊಸ ಇಳಕಲ್ ಸೀರೆಯಲ್ಲಿ ಬಂದರು. "ನೋಡ್ರಿ ಟೀಚರ್, ಎಲ್ಲಾ ಆ ಮೊಬೈಲ್‌ನಿಂದ. ಬಿಡಿಸೂದು ಹ್ಯಾಂಗ್ರೀ?" ನಾನು ಬಾಯಿ ತೆರೆಯುವುದರೊಳಗೆ ಯಾರೋ ಕೂಗಿದರು, ಅವರು ವೇದಿಯ ಮುಂದೆ ಫೋಟೋ ತೆಗೆಸಿಕೊಳ್ಳಲು ಓಡಿದರು.

ಅವರನ್ನು ದೂರುತ್ತಿಲ್ಲ, ನಾನೂ ಆ ಗುಂಪಿನವಳೇ. ನಾನು ಹುಡುಗಿಯಾಗಿದ್ದಾಗ ಮೊಬೈಲ್ ಇರಲಿಲ್ಲ. ಆದರೂ ಕ್ರಿಸ್ಮಸ್ ದಿನ ಹೆಂಗಸರ ಬೆಂಚುಗಳಲ್ಲಿ ಸೆರಗಿನ ತಪಾಸಣೆ ತಪ್ಪುತ್ತಿರಲಿಲ್ಲ. ಹೊಸ ಬಟ್ಟೆ ಇಲ್ಲದ ಮನೆಯವರು ತಡವಾಗಿ ಬಂದು ಹಿಂದಿನ ಬೆಂಚು ಹಿಡಿಯುತ್ತಿದ್ದರು. ಅಪ್ಪನ ಪಗಾರ ನಿಂತ ವರ್ಷ ನಾವೂ ಹಿಡಿದಿದ್ದೆವು. ಕೊಂಡುಕೊಂಡದ್ದರಿಂದ ಮನುಷ್ಯರನ್ನು ಅಳೆಯುವುದನ್ನು ನಮ್ಮ ಮಕ್ಕಳು ಮೊದಲು ಕಲಿತದ್ದು ಆ ಬೆಂಚುಗಳ ಮೇಲೆ.

ಹಾಗಂತ ಮೊಬೈಲಿನದು ಏನೂ ತಪ್ಪಿಲ್ಲ ಅನ್ನುವವಳಲ್ಲ ನಾನು. ಒಮ್ಮೆ ಕ್ಲಾಸಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ: ಒಂದು ವಾರ ನಿಮ್ಮ ಫೋನಿನಲ್ಲಿ ಬಂದ ಜಾಹೀರಾತನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯಿರಿ. ಹುಡುಗರ ಹಾಳೆಯಲ್ಲಿ ಬೂಟು, ಪ್ರೊಟೀನ್ ಪುಡಿ, ಗೇಮು. ಕಪ್ಪು ಮೈಬಣ್ಣದ ಹುಡುಗಿಯೊಬ್ಬಳ ಹಾಳೆಯ ತುಂಬ ಮುಖಕ್ಕೆ ಹೊಳಪು ತರುವ ಕ್ರೀಮು. 2020ರಲ್ಲಿ ದೇಶದ ಹೆಸರಾಂತ ಕ್ರೀಮೊಂದು ತನ್ನ ಹೆಸರಿನಿಂದ ‘ಫೇರ್’ ಪದ ತೆಗೆದು ‘ಗ್ಲೋ’ ಇಟ್ಟುಕೊಂಡಿತು. ಪದ ಹೋಯಿತು, ಆ ಹುಡುಗಿಗೆ ಮುಟ್ಟುವ ಮಾತು ಬದಲಾಗಲಿಲ್ಲ. ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಬ್ಬ ಹುಡುಗ ತಾನಾಗಿ ಅಂದ: "ಟೀಚರ್, ಯಾರಿಗೆ ಎಲ್ಲಿ ನೋವೈತಿ ಅಂತ ಇದಕ್ಕ ಗೊತ್ತೈತ್ರಿ." ಬೆರಳು ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ತಡೆಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಅಂತ ಆಮೇಲೆ ಅವರಿಗೆ ವಿವರಿಸಿದೆ. ನೀತಿಬೋಧೆ ಮಾಡಿದಾಗ ಆಕಳಿಸುವ ಮಕ್ಕಳು ಅವತ್ತು ಒಂದೂವರೆ ಗಂಟೆ ಅಲುಗಾಡಲಿಲ್ಲ. ಮೋಸ ಹೋಗುತ್ತಿದ್ದೇವೆ ಎಂಬ ಸಿಟ್ಟು ಅವರಿಗೂ ಬರುತ್ತದೆ, ಆ ಸಿಟ್ಟನ್ನು ಗೌರವಿಸಬೇಕು.

ಅವತ್ತೇ ಇನ್ನೊಂದು ಸಂಗತಿ ಹೊರಬಿತ್ತು. ಇನ್‌ಸ್ಟಾಗ್ರಾಮಿಗೆ 13 ವರ್ಷ ಆಗಿರಬೇಕು. ಇವರಲ್ಲಿ ಅರ್ಧಕ್ಕರ್ಧ ಮಕ್ಕಳು ಅದಕ್ಕೂ ಮೊದಲೇ ಸೇರಿದ್ದರು, ಅಣ್ಣನೋ ಅಪ್ಪನೋ ಹುಟ್ಟಿದ ವರ್ಷ ಹಿಂದಕ್ಕೆ ಹಾಕಿ ಕೊಟ್ಟಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ಜಾಡು ಹಿಡಿದು ಜಾಹೀರಾತು ಗುರಿಯಿಡಕೂಡದು ಎನ್ನುತ್ತದೆ. ಒಳ್ಳೆಯ ಕಾನೂನು. ಆದರೆ ನಾವೇ ಹದಿನಾಲ್ಕರ ಹುಡುಗಿಯನ್ನು ಇಪ್ಪತ್ತರವಳು ಅಂತ ಬರೆಸಿದ್ದರೆ ಆ ಕಾನೂನು ಯಾರನ್ನು ಕಾಯಬೇಕು? ಇವತ್ತು ಮನೆಗೆ ಹೋಗಿ ಆ ತಾರೀಖು ತಿದ್ದಿ. ನನ್ನಿಂದ ಉಪಾಯ ಬೇಕೆಂದವರಿಗೆ ಇದೊಂದು ಉಪಾಯ.

ನಿಷೇಧಿಸಿಬಿಡಬೇಕು ಅನ್ನುವವರಿಗೂ ಒಂದು ಮಾತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆದಾಗ ನಮ್ಮ ಪ್ರಾರ್ಥನಾ ಕೂಟದಲ್ಲಿ ದೇವರಿಗೆ ಸ್ತೋತ್ರ ಹೇಳಿದರು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಬಂತು. ಕೊರೊನಾದ ಆ ದಿನಗಳಲ್ಲಿ ಆನ್‌ಲೈನ್ ಕ್ಲಾಸಿಗೆಂದು ಸಾಲ ಮಾಡಿ ಮಕ್ಕಳ ಕೈಗೆ ಫೋನು ಕೊಟ್ಟವರು ನಾವೇ. ಭಾನುವಾರದ ಆರಾಧನೆಯನ್ನೂ ಅದರಲ್ಲೇ ನೋಡಿದೆವು.

ಅಷ್ಟಕ್ಕೂ ನಮ್ಮ ಸಭೆಗಳು ಮಾಧ್ಯಮವನ್ನು ಸೈತಾನನ ಕೆಲಸ ಅಂದದ್ದೇ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕಲ್ಲಚ್ಚಿನ ಮುದ್ರಣಯಂತ್ರ ತಂದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ, ಕನ್ನಡದ ಮೊದಲ ಪತ್ರಿಕೆ ಅದೇ. ಕಿಟೆಲ್ಲನ ನಿಘಂಟು 1894ರಲ್ಲಿ ಅಚ್ಚಾದದ್ದು ಅದೇ ಮಿಶನ್ನಿನ ಮುದ್ರಣಾಲಯದಲ್ಲಿ. ಮತ ಬದಲಿಸಿದ್ದಕ್ಕೆ ಬದುಕಿನ ದಾರಿ ಕಳೆದುಕೊಂಡವರು ಆ ಅಚ್ಚುಕೂಟದಲ್ಲಿ, ಮಗ್ಗದಲ್ಲಿ, ಹೆಂಚಿನ ಕಾರ್ಖಾನೆಯಲ್ಲಿ ದುಡಿದರು. ಅಕ್ಷರ ಜೋಡಿಸಿದರು, ಬಟ್ಟೆ ನೇಯ್ದರು. ಅವರ ಮರಿಮಕ್ಕಳಿಗೆ ನಾವು ಉಳಿಸಿರುವ ಕೆಲಸ ಒಂದೇ: ನೋಡುವುದು, ಕೊಳ್ಳುವುದು.

ನನ್ನನ್ನು ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿರುವ ಪ್ರಶ್ನೆಯೇ ಬೇರೆ. "ಟೀಚರ್, ನನ್ನ ಮಗನಿಂದ ಸಭೆಗೆ ಏನಾಗಬೇಕಾಗೇತ್ರಿ?" ಹನ್ನೊಂದು ವರ್ಷದಲ್ಲಿ ಒಬ್ಬರೂ ಹೀಗೆ ಕೇಳಿಲ್ಲ. ಫೋನಿಗೆ ಆ ಹುಡುಗ ಬೇಕು. ಗಳಿಗೆಗೊಮ್ಮೆ ಹೆಸರು ಹಿಡಿದು ಕರೆಯುತ್ತದೆ, ನಿನ್ನೆ ಬರಲಿಲ್ಲವೆಂದು ನೆನಪಿಸುತ್ತದೆ. ಅವನು ಮೂರು ಭಾನುವಾರ ಚರ್ಚಿಗೆ ಬರದಿದ್ದರೆ ನಮ್ಮಲ್ಲಿ ಯಾರಿಗೆ ಗೊತ್ತಾಗುತ್ತದೆ? ಬಂದರೂ ಕೂತು ಪರದೆಯ ಮೇಲಿನ ಹಾಡು ನೋಡಿ ಎದ್ದು ಹೋಗುತ್ತಾನೆ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ ಐಶ್ವರ್ಯವಂತನ ಕಥೆಯಲ್ಲಿ ಒಂಟೆ ಮತ್ತು ಸೂಜಿಯ ಕಣ್ಣು ಎಲ್ಲರಿಗೂ ಬಾಯಿಪಾಠ. ಅದಕ್ಕೂ ಮುಂಚೆ, ಇರುವುದನ್ನೆಲ್ಲ ಮಾರಿಬಿಡು ಅನ್ನುವುದಕ್ಕೂ ಮುಂಚೆ, ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದ ಅಂತ ಬರೆದಿದೆ. ಬಿಡು ಅಂತ ಹೇಳಿದ್ದು ಆಮೇಲೆ. ಹೇಳಿದ ಮೇಲೂ ಅವನ ಹಿಂದೆ ಓಡಿ ಏನನ್ನೂ ಕಸಿದುಕೊಳ್ಳಲಿಲ್ಲ.

ಆ ಫ್ರಾಕಿನ ಘಟನೆಯ ಮರುವರ್ಷ ಸಭಾಪಾಲಕರ ಹತ್ತಿರ ಹಟ ಹಿಡಿದು ಸುಗ್ಗಿ ಹಬ್ಬದ ಲಿಲಾವು, ಅಂದರೆ ಕಾಣಿಕೆಗಳ ಹರಾಜು, ಪೂರ್ತಿ ನನ್ನ ಕ್ಲಾಸಿನ ಮಕ್ಕಳಿಗೆ ಬಿಡಿಸಿಕೊಂಡೆ. ಹಿರಿಯರಿಗೆ ಇಷ್ಟವಿರಲಿಲ್ಲ, ಲೆಕ್ಕ ತಪ್ಪುತ್ತದೆ ಅಂದರು. ಜನ ಕಾಣಿಕೆ ತಂದ ಕುಂಬಳಕಾಯಿ, ಜೋಳದ ತೆನೆ, ಹುಂಜ, ಬುಟ್ಟಿ ತುಂಬ ಮೊಟ್ಟೆ, ಕೇಕು ಎಲ್ಲ ಮೇಜಿನ ಮೇಲೆ. ಒಬ್ಬ ಹುಡುಗ ವಸ್ತು ಎತ್ತಿ ತೋರಿಸಿ ಕೂಗುತ್ತಿದ್ದ, ಇಬ್ಬರು ತಲುಪಿಸುತ್ತಿದ್ದರು. ಕಿರುಚುತ್ತಿದ್ದ ಹುಂಜವನ್ನು ಹಿಡಿದವನಿಗೆ ಬೇರೇನೂ ಮಾಡಲು ಕೈ ಖಾಲಿ ಇರಲಿಲ್ಲ. ಮೂರು ತಾಸು ಒಬ್ಬರ ಫೋನೂ ಹೊರಗೆ ಬರಲಿಲ್ಲ, ತೆಗೆಯಬೇಡಿ ಅಂತ ನಾನು ಹೇಳಿರಲೂ ಇಲ್ಲ. ಮರುದಿನ ಮತ್ತೆ ಎಲ್ಲರೂ ರೀಲ್ಸಿಗೆ ಮರಳಿದರು, ಅದನ್ನೂ ಹೇಳಿಬಿಡುತ್ತೇನೆ.

ಲೆಕ್ಕದ ಪುಸ್ತಕ ಆ ಫ್ರಾಕಿನ ಹುಡುಗಿಯ ಕೈಯಲ್ಲಿತ್ತು. ಒಂದೇ ಒಂದು ನಿಂಬೆಹಣ್ಣು ಸವಾಲಿಗೆ ಬಂತು, ಯಾರೋ ಬಡವರು ತಂದದ್ದು. ಇಪ್ಪತ್ತರಿಂದ ಶುರುವಾಗಿ ಮುನ್ನೂರ ನಲವತ್ತಕ್ಕೆ ನಿಂತಿತು. ಕೊಂಡವರು ಹಿಂದಿನ ಬೆಂಚಿನ ಅಜ್ಜಿ. ಅವರು ಹಣ ಎಣಿಸಿ ಕೊಟ್ಟು, ಹಣ್ಣನ್ನು ಮೂಸಿ ನೋಡಿ, ಮತ್ತೆ ಮೇಜಿನ ಮೇಲೆಯೇ ಇಟ್ಟು ಹೋದರು. ಹುಡುಗಿ ಪೆನ್ನು ಎತ್ತಿಕೊಂಡು ನನ್ನ ಕಡೆ ನೋಡಿದಳು.

"ಟೀಚರ್, ಅಜ್ಜಿ ವಾಪಸ್ ಕೊಟ್ಟಾರ್ರೀ. ಇನ್ನೊಮ್ಮೆ ಕೂಗಿಸ್ಲೇನ್ರೀ?"

"ಕೂಗಿಸವಾ," ಅಂದೆ. "ಬೇರೆ ಸಾಲಿನಾಗ ಬರಕೋ."