ಕಪ್ಪು ಎರಡು

ಆಷಾಢದ ಜಡಿಮಳೆ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ದಾವಣಗೆರೆ ವಿನೋಬನಗರದ ಮಾಮನ ಮನೆಗೆ ಹೋದೆ. "ಬೇಸಿಗೆ ಸಂಗೀತೋತ್ಸವ ಶುರು ಆಗ್ತೈತಿ ಅತ್ತೆ" ಎಂದರೆ, ಅತ್ತೆ ನನ್ನ ತೊಯ್ದ ತಲೆ ನೋಡಿ ಟವೆಲ್ ಕೊಟ್ಟರು. "ಯಾವ ಊರ ಬೇಸಿಗೆನಪ್ಪಾ ಇದು!"

ಜರ್ಮನಿಯದು. ಅಕ್ಕನ ಮಗಳು ಕೆಲಸದ ಮೇಲೆ ಇರುವ ಊರಿನಲ್ಲಿ ಬೇಸಿಗೆ ಬಂತೆಂದರೆ ಶಾಸ್ತ್ರೀಯ ಸಂಗೀತದ ಉತ್ಸವವಂತೆ. ಮೊದಲ ದಿನದ ಕಚೇರಿ ಇಂಟರ್ನೆಟ್‌ನಲ್ಲಿ ನೇರವಾಗಿ ಬರುತ್ತದೆಂದು ಲಿಂಕ್ ಕಳಿಸಿದ್ದಳು. ಅಲ್ಲಿ ಸಂಜೆ ಎಂಟೆಂದರೆ ನಮಗೆ ಹನ್ನೊಂದೂವರೆ. ಮಂಡಿಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು ನಾನು, ಒಬ್ಬನೇ ಕೂತರೆ ಹತ್ತೇ ನಿಮಿಷಕ್ಕೆ ಗೊರಕೆ. ಮಾಮ ಜೊತೆಗಿದ್ದರೆ ಜಗಳಕ್ಕಾದರೂ ಎಚ್ಚರ ಇರುತ್ತೇನೆ.

ಮಾಮನಿಗೆ ಎಂಬತ್ತೊಂದು. ಇಪ್ಪತ್ತಾರು ವರ್ಷ ನಾಟಕ ಕಂಪನಿಗಳಲ್ಲಿ ಲೆಗ್ ಹಾರ್ಮೋನಿಯಂ ನುಡಿಸಿದವರು. ಚಿಂದೋಡಿ ಮನೆತನದ ಕಂಪನಿ ಬೆಳೆದ ಊರಿದು, ಇಲ್ಲಿ ಪೇಟಿ ಮಾಸ್ತರರಿಗೆ ಒಂದು ಕಾಲಕ್ಕೆ ದರ್ಬಾರಿತ್ತು. ಈಗ ಮೊಣಕಾಲು ಹೋಗಿ ಪೆಡಲ್ ತುಳಿಯಲಾಗುವುದಿಲ್ಲ. ಪೇಟಿ ಮಾತ್ರ ಪಡಸಾಲೆಯಲ್ಲೇ ಇದೆ, ಮೇಲೆ ಅತ್ತೆ ಹಾಸಿದ ಕ್ರೋಶಾ ಬಟ್ಟೆ, ಅದರ ಮೇಲೆ ಮಾತ್ರೆ ಡಬ್ಬಿ.

"ಕಿರುಚಾಟ ಕೇಳಾಕ ನಾ ಎದ್ದಿರಲ್ಲ" ಎಂದು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದರು. ಅವರನ್ನು ಬಗ್ಗಿಸಲು ಮಹಾರಾಜರನ್ನೇ ಕರೆತರಬೇಕಾಯಿತು. ಆ ರಾತ್ರಿಯ ಮುಖ್ಯ ಪಾಲು ಜರ್ಮನಿಯ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್‌ನ 'ನಾಲ್ಕು ಕೊನೆಯ ಹಾಡುಗಳು'. ಒಬ್ಬ ಸೊಪ್ರಾನೊ, ಅಂದರೆ ಹೆಣ್ಣುದನಿಗಳಲ್ಲೇ ಎಲ್ಲಕ್ಕಿಂತ ಮೇಲಿನದು, ಹಿಂದೆ ಇಡೀ ಆರ್ಕೆಸ್ಟ್ರಾ. 1948ರಲ್ಲಿ, ಎಂಬತ್ತು ದಾಟಿದ ಮೇಲೆ, ಆತ ಇವನ್ನು ಬರೆದ. ಮರುವರ್ಷ ತೀರಿಕೊಂಡ, ಒಮ್ಮೆಯೂ ಕೇಳಲಿಲ್ಲ. ಮೊದಲ ಪ್ರಯೋಗ ಆದದ್ದು 1950ರ ಮೇ 22ಕ್ಕೆ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ನಡೆಸಿದ್ದು ಫುರ್ಟ್‌ವೆಂಗ್ಲರ್. ಅದಕ್ಕೆ 4,800 ಡಾಲರ್ ಖಾತರಿ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಅವರ ಸಂಗ್ರಹದಲ್ಲಿ ಆಗಲೇ ಸುಮಾರು 20,000 ರೆಕಾರ್ಡುಗಳಿದ್ದವಂತೆ, ಇದನ್ನೂ ಮುದ್ರಿಸಿ ಮೈಸೂರಿಗೆ ಕಳಿಸಿ ಎಂಬುದೇ ಕರಾರು.

"ನಮ್ಮ ಅರಸರಾ?" ಮಾಮ ಕನ್ನಡಕ ಏರಿಸಿದರು. ಆ ಕಾಲಕ್ಕೆ ದಾವಣಗೆರೆ, ಚಿತ್ರದುರ್ಗ ಎಲ್ಲಾ ಮೈಸೂರು ಸೀಮೆಯೇ. "ಹಂಗಾರೆ ನಮ್ಮಪ್ಪ ಕಟ್ಟಿದ ಕಂದಾಯದಾಗೂ ಒಂದೆರಡು ಕಾಸು ಹೋಗಿರಬೇಕು. ಹಾಕಲೇ, ಕೇಳಾಣ."

ಸ್ಪೀಕರು ಜೋಡಿಸುವಷ್ಟರಲ್ಲಿ ವಾದ್ಯದವರೆಲ್ಲ ವೇದಿಕೆಗೆ ಬಂದಿದ್ದರು. ಓಬೊ ಒಂದೇ ಸ್ವರ ಎಳೆಯಿತು. ಅದು ನಮ್ಮ ಶಹನಾಯಿಯ ದೂರದ ನೆಂಟ, ಎರಡು ಸೀಳಿನ ಓಲೆಯ ವಾದ್ಯ. ಅದನ್ನು ಹಿಡಿದು ಎಲ್ಲರೂ ಶ್ರುತಿ ಮಾಡಿಕೊಳ್ಳತೊಡಗಿದರು. ಮಾಮ ತಟ್ಟನೆ ಮಾತ್ರೆ ಡಬ್ಬಿ ಸರಿಸಿ, ಬಟ್ಟೆ ಕಿತ್ತೆಸೆದು, "ಪೆಡಲ್ ಒತ್ತಲೇ" ಎಂದರು. ನಾನು ನೆಲಕ್ಕೆ ಕೂತು ಎರಡೂ ಕೈಯಿಂದ ಪೆಡಲ್ ಒತ್ತಿದೆ. ಬಿಳಿ ಆರು, ಅಂದರೆ ಪೇಟಿಯ ಆರನೇ ಬಿಳಿ ಮನೆ. ಅದೇ ಸ್ವರ, ಆದರೆ ಪೇಟಿ ಒಂದೆಳೆ ಕೆಳಗೆ. ಎರಡೂ ಸೇರಿ ವ್ಯಾಂ ವ್ಯಾಂ ಎಂದು ಅಲೆ ಹೊಡೆಯಿತು. ಜರ್ಮನಿಯವರು ಈ ಸ್ವರವನ್ನು ಸೆಕೆಂಡಿಗೆ 440 ಕಂಪನದ ಬದಲು 443ರ ಆಸುಪಾಸಿಗೆ ಏರಿಸಿಕೊಳ್ಳುವುದುಂಟು ಎಂದು ಓದಿದ್ದೆ, ಹೇಳಿದೆ. "ಏರಿಸಿಕೊಳ್ಳಲಿ, ನಂದು ಸರಿ ಐತಿ" ಎಂದು ಮುಖ ಬಿಗಿದರು.

ಮೊದಲು ಏನೋ ಗದ್ದಲದ ವಾದ್ಯಸಂಗೀತ. ಮುಗಿಯುವುದರೊಳಗೆ ಅತ್ತೆ ತಂದಿಟ್ಟ ನರ್ಗಿಸ್ ಮಂಡಕ್ಕಿ ಖಾಲಿ.

ಆಮೇಲೆ ಆಕೆ ಬಂದಳು. ಕಡುಹಸಿರು ನಿಲುವಂಗಿ, ಕೈಯಲ್ಲಿ ಹಾಳೆ ಇಲ್ಲ, ಮುಂದೆ ಮೈಕೂ ಇಲ್ಲ. ಮಾಮ ಮುಂದಕ್ಕೆ ಬಾಗಿದರು. "ಮೈಕ್ ಎಲ್ಲಿ?" ಪ್ರಸಾರಕ್ಕೆಂದು ಮೇಲೆಲ್ಲೋ ತೂಗುಬಿಟ್ಟಿರುತ್ತಾರೆ, ಸಭೆಗೆ ಮಾತ್ರ ಬರಿ ಗಂಟಲು ಎಂದೆ. ಎಂಬತ್ತು ವಾದ್ಯಗಳ ನಡುವಿಂದ ದನಿ ಎದ್ದು ಬಂತು. ಕಿರುಚಲಿಲ್ಲ. ಜಾತ್ರೆ ಗದ್ದಲದಲ್ಲಿ ನಮ್ಮವ್ವ ನನ್ನ ಹೆಸರು ಕರೆದರೆ ನನಗೊಬ್ಬನಿಗೇ ಕೇಳುತ್ತಿತ್ತಲ್ಲ, ಹಾಗೆ ಉಳಿದದ್ದನ್ನೆಲ್ಲ ಸರಿಸಿ ಬಂತು.

"ಕಪ್ಪು ನಾಲ್ಕರಾಗ ಹಾಡಿದ್ರೂ ಹಿಂದಿನ ಚಾಪೆಗೆ ಕೇಳ್ತಿತ್ತು ನಮ್ಮವ್ರದ್ದು" ಎಂದು ಮಾಮ ಗೊಣಗಿದರು. ಟೆಂಟಿನ ಕೊನೆ ಸಾಲಿಗೆ ಮುಟ್ಟಲೇಬೇಕು, ಇಲ್ಲವಾದರೆ ಜನ ಎದ್ದು ಹೋಗುತ್ತಾರೆ. ಆ ಕಷ್ಟ ಗೊತ್ತಿದ್ದವರಾದ್ದರಿಂದ ಕಿರುಚಾಟದ ಮಾತು ಮತ್ತೆ ಎತ್ತಲಿಲ್ಲ.

ಆದರೆ ಅವರಿಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಆಧಾರ ಷಡ್ಜ, ಅಂದರೆ ಹಾಡು ನೆಲೆ ನಿಲ್ಲುವ 'ಸ', ಯಾವುದೆಂದು ಪೇಟಿಯ ಮೇಲೆ ಹುಡುಕುತ್ತಿದ್ದರು. ಸಿಕ್ಕಿತು ಎನ್ನುವಾಗ ಜಾರುತ್ತಿತ್ತು. ಕಪ್ಪು ಒಂದು, ಬಿಳಿ ಮೂರು, ಮತ್ತೆ ಎಲ್ಲಿಗೋ. "ಇವರ ನೆಲಾನೇ ಸರೀತೈತಲ್ಲೋ. ಆಕಿ ಎಲ್ಲಿ ನಿಂತು ಹಾಡ್ತಾಳೆ?" ಎರಡನೇ ಹಾಡಿನ ಕೊನೆಗೆ ಹಾರ್ನ್ ಒಂದೇ ನಿಧಾನಕ್ಕೆ ಇಳಿದು ಬಂತು. ಸ್ಟ್ರಾಸ್‌ನ ಅಪ್ಪನೂ ಹಾರ್ನ್ ವಾದಕ. ಅದನ್ನು ಹೇಳಬೇಕೆಂದು ಬಾಯಿ ತೆರೆದರೆ ಮಾಮ ಕೈಯೆತ್ತಿ ತಡೆದರು. ಹಾಡು ಮುಗಿದಾಗ ಚಪ್ಪಾಳೆ ಇಲ್ಲ. ಅವರಿಗದು ವಿಚಿತ್ರ ಅನ್ನಿಸಿತು. ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಬಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತು.

ಮೂರನೆಯ ಹಾಡಿನಲ್ಲಿ ಆಕೆ ನಿಲ್ಲಿಸಿದ ಮೇಲೆ ಒಂಟಿ ಪಿಟೀಲು ಏಳುತ್ತದೆ. ಅದು ಏಳುತ್ತಿದ್ದಂತೆ ಕರೆಂಟು ಹೋಯಿತು. ಸ್ಪೀಕರು, ವೈಫೈ, ಫ್ಯಾನು, ಎಲ್ಲಾ ಒಟ್ಟಿಗೆ. ಬೈದುಕೊಳ್ಳುತ್ತಾ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನೇ ಪೇಟಿಯ ಪಕ್ಕದ ಸ್ಟೂಲಿನ ಮೇಲಿಟ್ಟೆ. ಮತ್ತೆ ಹಿಡಿಯುವಷ್ಟರಲ್ಲಿ ಪಿಟೀಲು ಮುಗಿದೇಹೋಗಿತ್ತು. ಆ ನಷ್ಟ ನನಗಿನ್ನೂ ಚುಚ್ಚುತ್ತದೆ.

ಕೊನೆಯ ಹಾಡು. ಕೈಕೈ ಹಿಡಿದು ಬಾಳು ನಡೆದ ಇಬ್ಬರು ಸಂಜೆಯಲ್ಲಿ ನಿಂತಿದ್ದಾರೆ, ಇದೇ ಸಾವಿರಬಹುದೇ ಎಂದು ಕೇಳುತ್ತಾರೆ. ಅರ್ಥ ಇಷ್ಟೇ ಹೇಳಿದೆ. ಅತ್ತೆ ಮೇಣದಬತ್ತಿ ಹಚ್ಚಿ ತಂದು, ಹೋಗದೆ ಅಲ್ಲೇ ಕೂತರು. ಹೊರಗೆ ಮಳೆ ನಿಂತು ತಗಡಿನಿಂದ ಹನಿ ಬೀಳುತ್ತಿತ್ತು. ಸಣ್ಣ ಸ್ಪೀಕರಿನ ಕೀಚಲು ದನಿಯಾದರೂ ಫ್ಯಾನಿನ ಸದ್ದಿಲ್ಲದ ಮನೆಯಲ್ಲಿ ಒಂದೊಂದೂ ಕೇಳುತ್ತಿತ್ತು. ಆಕೆಯ ಹಾಡು ಮುಗಿಯಿತು, ವಾದ್ಯಗಳು ಮುಗಿಯಲಿಲ್ಲ. ಆಕೆ ಸುಮ್ಮನೆ ನಿಂತೇ ಇದ್ದಳು. ಎರಡು ಕೊಳಲು ಬಾನಾಡಿಗಳ ಹಾಗೆ ಕಂಪಿಸಿದವು. ಕೆಳಗೆ ನೆಲ ನಿಂತಿತು.

"ಒತ್ತಲೇ" ಎಂದು ಪಿಸುಗುಟ್ಟಿದರು ಮಾಮ. ಒತ್ತಿದೆ. ಕಪ್ಪು ಎರಡು. ಅವರ ಬೆರಳು ಅಲ್ಲಿಂದ ಏಳಲಿಲ್ಲ. ಅಲ್ಲಿನವರು ಬಿಲ್ಲು ಇಳಿಸುವವರೆಗೂ ಪೇಟಿ ಒಂದೆಳೆ ಕೆಳಗಿನಿಂದ ಅವರ ಜೊತೆಗೇ ಅಲೆ ಹೊಡೆಯುತ್ತಿತ್ತು.

ಆಮೇಲಿನ ಚಪ್ಪಾಳೆಗೆ ಅವರು ತಲೆ ಎತ್ತಲಿಲ್ಲ. ಮೇಣದಬತ್ತಿ ಹತ್ತಿರಕ್ಕೆ ಎಳೆದುಕೊಂಡು ಪೇಟಿಯ ಹಲಗೆ ಎತ್ತಿ ರೀಡುಗಳನ್ನು ನೋಡುತ್ತಿದ್ದರು.

"ನಿನ್ನ ಅಂಗಡ್ಯಾಗ ಸಣ್ಣ ಅರ ಐತೇನಲೇ, ಗಡಿಯಾರ ರಿಪೇರಿಯವ್ರದ್ದು?"

ಇದೆ ಎಂದೆ.

"ನಾಳೆ ತಗೊಂಡು ಬಾ. ಇವನ್ನ ಒಂದೀಟು ಕೆರೆದು ಏರಿಸಬೇಕು."